ಬುತ್ತಿ ಕಟ್ಟಿಕೊಂಡು ಸೂಪರ್‌ಕಂಪ್ಯೂಟರಿಗೆ

ಕಂಟೇನರ್ ಅಂದ ಕೂಡಲೇ ನಮ್ಮಲ್ಲಿ ಎಲ್ಲರಿಗೂ ನೆನಪಾಗುವುದು ಡಾಕರ್. ಆರನೇ ಸೆಮಿಸ್ಟರ್ ಬರುವಷ್ಟರಲ್ಲಿ ಅರ್ಧ ಕ್ಲಾಸಿನ ರೆಸ್ಯೂಮಿನಲ್ಲಿ ಆ ಹೆಸರು ಬಂದಿರುತ್ತದೆ. ವೆಬ್‌ಸೈಟ್ ಮಾಡೋರಿಗೆ ಬೇಕು, ಕಂಪನಿಯವರು ಇಂಟರ್‌ವ್ಯೂದಾಗ ಕೇಳ್ತಾರ, ಅಲ್ಲಿಗೆ ಮುಗೀತು. ಆದರೆ ಕಂಟೇನರನ್ನು ಸೂಪರ್‌ಕಂಪ್ಯೂಟರಿನ ಮೇಲೆ ಓಡಿಸುವ ಕೆಲಸವೇ ಬೇರೆ. ಅದರ ನಿಯಮ ಬೇರೆ, ಅದರ ಲಾಭವೂ ಬೇರೆ. ಫೈನಲ್ ಇಯರ್ ಪ್ರಾಜೆಕ್ಟಿನಲ್ಲಿ ನಾವು ಮೂವರು ಇದನ್ನು ಕಲಿತೆವು. ಯಾದಗಿರಿ, ಶಹಾಪುರ, ಸುರಪುರದಂಥ ಊರಿನಿಂದ ಬಂದವರಿಗೆ ಈ ವಿದ್ಯೆ ಬೆಂಗಳೂರಿನವರಿಗಿಂತ ಹೆಚ್ಚು ಬೇಕು ಅಂತ ನನಗೆ ಅನಿಸಿದೆ. ಯಾಕಂತ ಹೇಳ್ತೀನಿ, ಸ್ವಲ್ಪ ಸಮಾಧಾನದಿಂದ ಓದ್ರಿ.

ನಮ್ಮ ಟೀಮಿನಲ್ಲಿ ನಾನು ಸುರಪುರದವನು. ಒಬ್ಬ ಶಹಾಪುರ ತಾಲ್ಲೂಕಿನ ಕೃಷ್ಣಾ ದಂಡೆಯ ಹಳ್ಳಿಯವನು. ಇನ್ನೊಬ್ಬಳು ಯಾದಗಿರಿ ಪಟ್ಟಣದವಳು, ಭೀಮಾ ನದಿ ನೋಡಿಕೊಂಡೇ ಬೆಳೆದವಳು. ಹಿಂಗಾಗಿ ಪ್ರಾಜೆಕ್ಟಿಗೆ ವಿಷಯ ಹುಡುಕಲು ಬಹಳ ದೂರ ಹೋಗಲಿಲ್ಲ. 2019ರ ಆಗಸ್ಟ್‌ನಲ್ಲಿ ನಾರಾಯಣಪುರದ ಬಸವಸಾಗರದಿಂದ ಬಿಟ್ಟ ನೀರು ಕೃಷ್ಣೆಯ ಎರಡೂ ದಂಡೆ ತುಂಬಿತ್ತು. ಮರುವರ್ಷ 2020ರ ಅಕ್ಟೋಬರ್‌ನಲ್ಲಿ ಭೀಮೆ ಬಂದಳು. ಟಿವಿಯವರು ಬಂದು ಸೇತುವೆ ಮುಳುಗಿದ್ದು ತೋರಿಸಿ ಹೋದರು. ಗೆಳೆಯನ ಅಪ್ಪ ಒಂದು ಮಾತು ಹೇಳಿದ್ದರು: "ನೀರು ಬರೋದು ಎಲ್ಲಾರೂ ನೋಡ್ತಾರಪ, ಹೋಗೋದು ಯಾರೂ ನೋಡಂಗಿಲ್ಲ."

ಈ ಮಾತಿನಲ್ಲಿ ದೊಡ್ಡ ವಿಷಯ ಇದೆ. ಹೊಲದಾಗ ನೀರು ಬಂತೋ ಇಲ್ಲೋ ಅನ್ನುವುದಕ್ಕಿಂತ ಎಷ್ಟು ದಿನ ನಿಂತಿತು ಅನ್ನುವುದು ಮುಖ್ಯ. ಭತ್ತ ಕೆಲವು ದಿನ ನೀರು ತಡಕೊಳ್ಳುತ್ತದೆ. ತೊಗರಿ ತಡಕೊಳ್ಳುವುದಿಲ್ಲ, ಬೇರಿಗೆ ಗಾಳಿ ಸಿಗದಿದ್ದರೆ ಒಣಗಿಬಿಡುತ್ತದೆ. ಹೊರಗಿನಿಂದ ನೋಡಿದವರಿಗೆ ಎರಡೂ ಹೊಲ ಮುಳುಗಿದ ಹೊಲಗಳೇ. ಯಾವ ಹೊಲದಲ್ಲಿ ನೀರು ಎಷ್ಟು ಕಾಲ ನಿಂತಿತ್ತು ಎಂಬ ನಕಾಶೆ ಮಾಡೋಣ ಅಂತ ನಿಶ್ಚಯ ಮಾಡಿದೆವು.

ಇದಕ್ಕೆ ಬೇಕಾದ ಚಿತ್ರಗಳು ಪುಕ್ಕಟೆ ಸಿಗುತ್ತವೆ. ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ಸೆಂಟಿನೆಲ್-1 ಉಪಗ್ರಹ 2014ರಿಂದ ರೇಡಾರ್ ಚಿತ್ರ ತೆಗೆಯುತ್ತಿದೆ. ಸಾಮಾನ್ಯ ಕ್ಯಾಮೆರಾಕ್ಕೆ ಮಳೆಗಾಲದ ಮೋಡ ಅಡ್ಡ ಬರುತ್ತದೆ, ರೇಡಾರಿಗೆ ಬರುವುದಿಲ್ಲ. ನಿಂತ ನೀರಿನ ಮೈ ಕನ್ನಡಿಯಂತೆ ನುಣುಪು. ಓರೆಯಾಗಿ ಬಂದ ರೇಡಾರ್ ಅಲೆ ಅದಕ್ಕೆ ಬಡಿದು ಆಚೆ ಕಡೆಗೆ ಚಿಮ್ಮಿ ಹೋಗುತ್ತದೆ, ಉಪಗ್ರಹಕ್ಕೆ ಮರಳುವುದಿಲ್ಲ. ಹಾಗಾಗಿ ಚಿತ್ರದಲ್ಲಿ ನೀರು ಕಪ್ಪಗೆ ಕಾಣುತ್ತದೆ. ಕಪ್ಪು ಇದ್ದಲ್ಲಿ ನೀರು ಅಂದುಕೊಂಡರೆ ಕೆಲಸ ಸುಲಭ.

ಆದರೆ ನಮ್ಮ ಕಡೆ ಅದು ಅಷ್ಟು ಸುಲಭ ಅಲ್ಲ. ನಾರಾಯಣಪುರ ಎಡದಂಡೆ ಕಾಲುವೆಯ ಕೆಳಗೆ ಸುರಪುರ, ಶಹಾಪುರದ ತನಕ ಭತ್ತದ ಗದ್ದೆಗಳಿವೆ. ಮಳೆಗಾಲದಲ್ಲಿ ನಾಟಿ ಮಾಡುವಾಗ ರೈತರೇ ಗದ್ದೆಗೆ ನೀರು ನಿಲ್ಲಿಸುತ್ತಾರೆ. ರೇಡಾರಿಗೆ ಅದೂ ಕಪ್ಪು, ಪ್ರವಾಹದ ನೀರೂ ಕಪ್ಪು. ಯಾವುದು ರೈತ ಕರೆದ ನೀರು, ಯಾವುದು ಕರೆಯದೇ ಬಂದ ನೀರು ಅಂತ ಒಂದೇ ಚಿತ್ರ ನೋಡಿ ಹೇಳಲಾಗುವುದಿಲ್ಲ. ಹಲವು ವರ್ಷದ ಚಿತ್ರ ಸಾಲಾಗಿ ಇಟ್ಟು, ಪ್ರತಿ ವರ್ಷ ಅದೇ ಹೊತ್ತಿಗೆ ಕಪ್ಪಾಗುವ ಜಾಗವನ್ನು ಗದ್ದೆ ಅಂತ ಗುರುತಿಸಬೇಕು.

ಲೆಕ್ಕ ಹಾಕಿದೆವು. ಜೂನ್‌ನಿಂದ ನವೆಂಬರ್ 6 ತಿಂಗಳು, ಉಪಗ್ರಹ 12 ದಿನಕ್ಕೊಮ್ಮೆ ಅದೇ ದಾರಿಯಲ್ಲಿ ಬರುತ್ತದೆ, ಅಂದರೆ ವರ್ಷಕ್ಕೆ ಸುಮಾರು 15 ಚಿತ್ರ. 2019ರಿಂದ 2023ರವರೆಗೆ 5 ವರ್ಷಕ್ಕೆ 75 ಚಿತ್ರ. ಒಂದೊಂದೂ ಸುಮಾರು 1 ಜಿಬಿ. ನನ್ನ 8 ಜಿಬಿ ರ‍್ಯಾಮಿನ ಲ್ಯಾಪ್‌ಟಾಪಿನಲ್ಲಿ ಒಂದು ಚಿತ್ರ ತಿದ್ದಿ, ಸೋಸಿ, ಭೂಮಿಯ ಏರಿಳಿತಕ್ಕೆ ಹೊಂದಿಸಲು ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. 75 ಚಿತ್ರಕ್ಕೆ 56 ಗಂಟೆ. ಅದೂ ನಡುವೆ ಕರೆಂಟ್ ಹೋಗದಿದ್ದರೆ. ಒಂದು ಸೆಟ್ಟಿಂಗ್ ಬದಲಿಸಿದರೆ ಮತ್ತೆ 56 ಗಂಟೆ.

ಸೀನಿಯರ್ಸ್ ಬಿಟ್ಟುಹೋದ ಪೆನ್‌ಡ್ರೈವ್

ಇದೇ ವಿಷಯದ ಮೇಲೆ ಹಿಂದಿನ ಒಂದು ಬ್ಯಾಚಿನವರು ಕೆಲಸ ಮಾಡಿದ್ದರು. ಅವರ ಕೋಡ್ ಪೆನ್‌ಡ್ರೈವಿನಲ್ಲಿ ಸಿಕ್ಕಿತು, ರಿಪೋರ್ಟೂ ಸಿಕ್ಕಿತು, ಸ್ಪೈರಲ್ ಬೈಂಡಿಂಗ್ ಸಮೇತ. ಕೋಡ್ ಮಾತ್ರ ಓಡಲಿಲ್ಲ. ನಕಾಶೆ ಕೆಲಸಕ್ಕೆ ಬೇಕಾಗುವ ಜಿಡಾಲ್ ಲೈಬ್ರರಿಯ ಯಾವ ವರ್ಶನ್, ಪೈಥಾನಿನ ಯಾವ ವರ್ಶನ್ ಅಂತ ಎಲ್ಲೂ ಬರೆದಿರಲಿಲ್ಲ. ಒಂದನ್ನು ಹಾಕಿದರೆ ಇನ್ನೊಂದು ಒದ್ದಾಡುತ್ತಿತ್ತು. ಹೈದರಾಬಾದಿನಲ್ಲಿ ನೌಕರಿ ಮಾಡುವ ಒಬ್ಬ ಅಣ್ಣನಿಗೆ ಫೋನ್ ಹಚ್ಚಿದೆವು.

"ನನ್ನ ಲ್ಯಾಪ್‌ಟಾಪಿನಾಗ ಛಲೋ ಓಡ್ತಿತ್ತಲ್ಲೋ."

"ಅದೇ ಲ್ಯಾಪ್‌ಟಾಪ್ ನೋಡಿ ವರ್ಶನ್ ಹೇಳ್ರಿ ಅಣ್ಣಾ."

"ಆ ಲ್ಯಾಪ್‌ಟಾಪ್ ಈಗ ಎಲ್ಲದ ತಮ್ಮಾ, ಮಾರಿ ಎರಡು ವರ್ಷ ಆತು."

ಇದರಲ್ಲಿ ಆ ಅಣ್ಣನ ತಪ್ಪೇನಿಲ್ಲ. ನಮ್ಮ ಎಲ್ಲ ಪ್ರಾಜೆಕ್ಟುಗಳ ಹಣೆಬರಹ ಇದೇ. ಮಾರ್ಕ್ಸ್ ಬಂದ ದಿನ ಪ್ರಾಜೆಕ್ಟ್ ತೀರಿಕೊಳ್ಳುತ್ತದೆ. ಪ್ರತಿ ಬ್ಯಾಚೂ ಸೊನ್ನೆಯಿಂದ ಶುರು ಮಾಡಿ, ಮೊದಲ ಎರಡು ತಿಂಗಳು ಇನ್‌ಸ್ಟಾಲ್ ಮಾಡುವುದರಲ್ಲೇ ಕಳೆದು, ಹಿಂದಿನವರು ತಲುಪಿದ್ದ ಜಾಗಕ್ಕೇ ತಲುಪಿ ನಿಲ್ಲುತ್ತದೆ. ನದಿ ಮಾತ್ರ ಪ್ರತಿ ಬ್ಯಾಚಿಗೂ ಕಾಯದೇ ಬರುತ್ತದೆ.

ದೊಡ್ಡ ಮನೆಯ ನಿಯಮ

ನಮ್ಮ ಗೈಡ್ ಮೂಲಕ ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯ ಕ್ಲಸ್ಟರಿನಲ್ಲಿ ಒಂದು ಸೆಮಿಸ್ಟರಿನ ಮಟ್ಟಿಗೆ ಅಕೌಂಟ್ ಸಿಕ್ಕಿತು. ಕ್ಲಸ್ಟರ್ ಅಂದರೆ ಒಂದೇ ದೊಡ್ಡ ಯಂತ್ರ ಅಲ್ಲ. ನೂರಾರು ಕಂಪ್ಯೂಟರುಗಳನ್ನು ವೇಗದ ಜಾಲದಿಂದ ಜೋಡಿಸಿ, ಎಲ್ಲಕ್ಕೂ ಒಂದೇ ಫೈಲ್ ಸಿಸ್ಟಮ್ ಕೊಟ್ಟು, ಮುಂದೆ ಒಂದು ಲಾಗಿನ್ ನೋಡ್ ಇಟ್ಟಿರುತ್ತಾರೆ. ನಾವು ಸುರಪುರದಲ್ಲಿ ಕುಳಿತು ಆ ಲಾಗಿನ್ ನೋಡಿಗೆ ಎಸ್‌ಎಸ್‌ಎಚ್ ಮಾಡಿ, ಕೆಲಸದ ಚೀಟಿ ಬರೆದು ಸ್ಲರ್ಮ್ ಎಂಬ ಸಾಫ್ಟ್‌ವೇರಿನ ಕೈಗೆ ಕೊಡುತ್ತೇವೆ. ಅದು ಸರದಿ ನೋಡಿ, ಖಾಲಿ ಇರುವ ನೋಡ್‌ಗಳಿಗೆ ಕೆಲಸ ಹಂಚುತ್ತದೆ.

ನಮ್ಮ ರಾಜ್ಯದಲ್ಲಿ ಇಂಥ ಯಂತ್ರಗಳಿಗೆ ಕೊರತೆ ಇಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2015ರಲ್ಲಿ ಬಂದ ಕ್ರೇ ಕಂಪನಿಯ ಸಹಸ್ರಟಿ ಇತ್ತು. 2022ರಲ್ಲಿ ಅಲ್ಲೇ ಪರಮ್ ಪ್ರವೇಗ ಬಂತು, ಅದರ ಸಾಮರ್ಥ್ಯ 3.3 ಪೆಟಾಫ್ಲಾಪ್ಸ್. ಅಂದರೆ ಸೆಕೆಂಡಿಗೆ 3.3 ಸಾವಿರ ಲಕ್ಷ ಕೋಟಿ. 33ರ ಮುಂದೆ 14 ಸೊನ್ನೆ ಹಾಕಿದಷ್ಟು ಲೆಕ್ಕ. ಇದು 2015ರಲ್ಲಿ 4,500 ಕೋಟಿ ರೂಪಾಯಿ ಅಂದಾಜಿನಲ್ಲಿ ಶುರುವಾದ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್ನಿನ ಫಲ. ಯಂತ್ರ ಇದೆ, ಆದರೆ ನಮ್ಮ ಹಾಸ್ಟೆಲ್ ರೂಮಿನ ಕೋಡ್ ಅಲ್ಲಿ ಹೋಗಿ ಓಡಬೇಕಲ್ಲ? ಅಡ್ಡಿ ಇರುವುದು ಅಲ್ಲೇ.

ನಮಗೆ ಸಿಕ್ಕ ಕ್ಲಸ್ಟರಿನಲ್ಲಿ ಸೆಂಟ್‌ಓಎಸ್ 7 ಇತ್ತು. ಅದು 2014ರಲ್ಲಿ ಬಿಡುಗಡೆಯಾದ ಲಿನಕ್ಸ್. ಪ್ರತಿ ಪ್ರೋಗ್ರಾಮಿಗೂ ಬುನಾದಿಯಾಗಿರುವ ಜಿ-ಲಿಬ್‌ಸಿ ಎಂಬ ಲೈಬ್ರರಿ ಅದರಲ್ಲಿ 2.17ನೇ ವರ್ಶನ್. ನನ್ನ ಲ್ಯಾಪ್‌ಟಾಪಿನ ಉಬುಂಟು 22.04ರಲ್ಲಿ 2.35. ಇಲ್ಲಿ ಕಂಪೈಲ್ ಮಾಡಿದ್ದನ್ನು ಅಲ್ಲಿ ಇಟ್ಟರೆ, ಬೇಕಾದ ಜಿ-ಲಿಬ್‌ಸಿ ಸಿಗಲಿಲ್ಲ ಅಂತ ಒಂದು ಸಾಲು ಬರೆದು ನಿಲ್ಲುತ್ತದೆ. ಹಳೆಯ ಪ್ರೋಗ್ರಾಮ್ ಹೊಸ ಜಿ-ಲಿಬ್‌ಸಿಯ ಮೇಲೆ ಸಾಮಾನ್ಯವಾಗಿ ಓಡುತ್ತದೆ, ಹೊಸದು ಹಳೆಯದರ ಮೇಲೆ ಓಡುವುದಿಲ್ಲ. ಹೊಸದು ಹಾಕಿಕೊಡ್ರಿ ಅಂತ ಕೇಳಂಗಿಲ್ಲ. ನೂರಾರು ಜನ ಸಂಶೋಧಕರ ಕೆಲಸ ಅದೇ ಬುನಾದಿಯ ಮೇಲೆ ನಿಂತಿರುತ್ತದೆ. ಸುಡೋ ಅಧಿಕಾರವಂತೂ ಯಾರಿಗೂ ಕೊಡುವುದಿಲ್ಲ.

ಹಾಗಿದ್ದರೆ ಡಾಕರ್? ಅದೂ ಇಲ್ಲ. ಇದಕ್ಕೆ ಸರಿಯಾದ ಕಾರಣ ಇದೆ, ಇಂಟರ್‌ವ್ಯೂದಾಗೂ ಉಪಯೋಗಕ್ಕೆ ಬಂದೀತು, ನೆನಪಿಟ್ಟುಕೊಳ್ರಿ. 2013ರಲ್ಲಿ ಬಂದ ಡಾಕರ್ ರೂಟ್ ಅಧಿಕಾರದಲ್ಲಿ ಓಡುವ ಒಂದು ಡೀಮನ್ ಮೂಲಕ ಕೆಲಸ ಮಾಡುತ್ತದೆ. ಡಾಕರ್ ಗುಂಪಿನಲ್ಲಿರುವ ಯಾರೇ ಆಗಲಿ, ಇಡೀ ಯಂತ್ರದ ಡಿಸ್ಕನ್ನು ಕಂಟೇನರಿನೊಳಗೆ ಜೋಡಿಸಿಕೊಂಡು ರೂಟ್ ಆಗಿ ಓಡಾಡಬಹುದು. ಸ್ವಂತ ಲ್ಯಾಪ್‌ಟಾಪಿನಲ್ಲಿ ಇದರಿಂದ ತೊಂದರೆ ಇಲ್ಲ, ಮನೆ ನಿಮ್ಮದೇ. ಕ್ಲಸ್ಟರಿನಲ್ಲಿ ಅದೇ ಫೈಲ್ ಸಿಸ್ಟಮಿನಲ್ಲಿ ಬೇರೆಯವರ ವರ್ಷಗಟ್ಟಲೆ ಕೆಲಸ ಇರುತ್ತದೆ. ಇನ್ನೊಂದು ಕಾರಣವೂ ಇದೆ. ಡಾಕರ್ ಹುಟ್ಟಿಸಿದ ಪ್ರೋಸೆಸ್‌ಗಳು ಡೀಮನ್ನಿನ ಮಕ್ಕಳಾಗುತ್ತವೆ, ಸ್ಲರ್ಮ್ ಕೊಟ್ಟ ಕೆಲಸದ ಮಕ್ಕಳಾಗುವುದಿಲ್ಲ. ಯಾರು ಎಷ್ಟು ಮೆಮೊರಿ ತಿಂದರು, ಸಮಯ ಮುಗಿದ ಮೇಲೆ ಯಾರನ್ನು ನಿಲ್ಲಿಸಬೇಕು ಎಂಬ ಲೆಕ್ಕ ಸ್ಲರ್ಮಿನ ಕೈ ತಪ್ಪುತ್ತದೆ.

ಈ ತೊಡಕಿಗೆ ಉತ್ತರವಾಗಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಗ್ರೆಗರಿ ಕರ್ಟ್ಜರ್ 2015ರಲ್ಲಿ ಸಿಂಗ್ಯುಲಾರಿಟಿ ಶುರು ಮಾಡಿದರು. ಮುಂದೆ ರಾಕಿ ಲಿನಕ್ಸ್ ಹುಟ್ಟುಹಾಕಿದವರೂ ಇವರೇ. 2021ರ ನವೆಂಬರ್‌ನಲ್ಲಿ ಸಿಂಗ್ಯುಲಾರಿಟಿ ಲಿನಕ್ಸ್ ಫೌಂಡೇಶನ್ನಿಗೆ ಸೇರಿ ಆಪ್ಟೇನರ್ ಎಂಬ ಹೆಸರು ಪಡೆಯಿತು. ಲಾಸ್ ಅಲಾಮೋಸ್‌ನವರ ಚಾರ್ಲಿಕ್ಲೌಡ್ ಇದೆ, ಡೀಮನ್ ಇಲ್ಲದೆ ಓಡುವ ಪಾಡ್‌ಮ್ಯಾನ್ ಇದೆ. ನಮ್ಮ ಕ್ಲಸ್ಟರಿನಲ್ಲಿ ಇದ್ದದ್ದು ಆಪ್ಟೇನರ್. ಅದರ ಮೂಲ ನಿಯಮ ಒಂದೇ: ಹೊರಗೆ ನೀವು ಯಾರೋ ಒಳಗೂ ಅವರೇ. ಒಳಗೆ ಹೋದ ಮಾತ್ರಕ್ಕೆ ಅಧಿಕಾರ ಹೆಚ್ಚಾಗುವುದಿಲ್ಲ. ಹಾಗಾಗಿ ಅಡ್ಮಿನ್‌ಗಳಿಗೂ ಭಯ ಇಲ್ಲ.

ಬುತ್ತಿಯಲ್ಲಿ ಏನು, ಬುತ್ತಿಯ ಹೊರಗೆ ಏನು

ನಮ್ಮ ಜಿಲ್ಲೆಯಿಂದ ಬೆಂಗಳೂರಿಗೆ ದುಡಿಯಲಿಕ್ಕೆ ಹೋಗುವವರು ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಒಂದಿಷ್ಟು ಉಪ್ಪಿನಕಾಯಿ. ಹೋದ ಊರಿನಲ್ಲಿ ಒಲೆ ಸಿಗಲಿ ಬಿಡಲಿ, ನಾಲ್ಕು ದಿನ ಚಿಂತೆ ಇಲ್ಲ. ಆದರೆ ನೀರು ಮಾತ್ರ ಅಲ್ಲಿಯದೇ ಕುಡಿಯಬೇಕು, ಮಲಗಲು ನೆಲವೂ ಅಲ್ಲಿಯದೇ. ಕಂಟೇನರ್ ತಿಳಿಯಲು ನನಗೆ ಇದಕ್ಕಿಂತ ಸರಳ ಉದಾಹರಣೆ ಸಿಕ್ಕಿಲ್ಲ.

ಬುತ್ತಿಯಲ್ಲಿ ಬರುವುದು: ಜಿ-ಲಿಬ್‌ಸಿ, ಪೈಥಾನ್, ಜಿಡಾಲ್, ನಮ್ಮ ಕೋಡ್, ಅದಕ್ಕೆ ಬೇಕಾದ ಎಲ್ಲ ಲೈಬ್ರರಿ. ಇವೆಲ್ಲ ಸಿಫ್ ಎಂಬ ಒಂದೇ ಫೈಲಿನಲ್ಲಿ ಕೂಡುತ್ತವೆ. ಸೆಂಟ್‌ಓಎಸ್ 7 ಇರುವ ನೋಡ್ ಮೇಲೆ ಉಬುಂಟು 22.04ರ ಪ್ರೋಗ್ರಾಮ್ ಆರಾಮಾಗಿ ಓಡಿತು.

ಬುತ್ತಿಯಲ್ಲಿ ಬಾರದಿರುವುದು: ಮೊದಲನೆಯದು ಕರ್ನಲ್. ಕಂಟೇನರಿನೊಳಗೆ ಕೂತು ಕರ್ನಲ್ ವರ್ಶನ್ ಕೇಳಿದರೆ ಕ್ಲಸ್ಟರಿನ ಹಳೆಯ 3.10 ಅಂತಲೇ ಉತ್ತರ ಬರುತ್ತದೆ. ವರ್ಚುವಲ್ ಮಶೀನಿಗೂ ಕಂಟೇನರಿಗೂ ಇರುವ ವ್ಯತ್ಯಾಸ ಇದೇ. ವರ್ಚುವಲ್ ಮಶೀನ್ ತನ್ನ ಕರ್ನಲ್ ತಾನೇ ತರುತ್ತದೆ, ಕಂಟೇನರ್ ಮನೆಯವರ ಕರ್ನಲ್ ಬಳಸುತ್ತದೆ. ಅದಕ್ಕೇ ಅದು ಹಗುರ, ಅದಕ್ಕೇ ವೇಗದಲ್ಲಿ ಹೆಚ್ಚು ನಷ್ಟ ಇಲ್ಲ.

ಎರಡನೆಯದು ಜಿಪಿಯು ಡ್ರೈವರ್. ಕೂಡಾ ಟೂಲ್‌ಕಿಟ್ ಬುತ್ತಿಯಲ್ಲಿ ಹೋಗುತ್ತದೆ, ಡ್ರೈವರ್ ಅಲ್ಲಿಯದೇ. ಎನ್‌ವಿ ಎಂಬ ಆಯ್ಕೆ ಕೊಟ್ಟರೆ ಆಪ್ಟೇನರ್ ಆ ಡ್ರೈವರಿನ ಫೈಲುಗಳನ್ನು ಒಳಗೆ ಕಾಣುವಂತೆ ಮಾಡುತ್ತದೆ. ಆದರೆ ಕ್ಲಸ್ಟರಿನ ಡ್ರೈವರ್ ಬಹಳ ಹಳೆಯದಿದ್ದರೆ ನಿಮ್ಮ ಹೊಸ ಕೂಡಾ ಓಡುವುದಿಲ್ಲ. ಬುತ್ತಿ ಕಟ್ಟುವ ಮೊದಲೇ ಡ್ರೈವರ್ ವರ್ಶನ್ ಕೇಳಿಕೊಳ್ರಿ.

ಮೂರನೆಯದು ಹಲವು ನೋಡ್‌ಗಳು ಒಂದಕ್ಕೊಂದು ಮಾತಾಡುವ ವ್ಯವಸ್ಥೆ, ಅಂದರೆ ಎಂಪಿಐ. ಸಾಮಾನ್ಯವಾಗಿ ಹೊರಗಿನ ಎಂಪಿಐ ಕಂಟೇನರುಗಳನ್ನು ಎಬ್ಬಿಸುತ್ತದೆ, ಒಳಗಿನ ಎಂಪಿಐ ಅದಕ್ಕೆ ಹೊಂದುವಂತಿರಬೇಕು. ಹೊಂದದಿದ್ದರೆ ಒಂದೋ ಓಡುವುದಿಲ್ಲ, ಇಲ್ಲವೇ ವೇಗದ ಜಾಲ ಬಿಟ್ಟು ನಿಧಾನದ ದಾರಿ ಹಿಡಿಯುತ್ತದೆ. ನಮ್ಮ ಕೆಲಸಕ್ಕೆ ಇದು ಬೇಕಾಗಲಿಲ್ಲ, ಯಾಕಂದರೆ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲ. ಮೆಕ್ಯಾನಿಕಲ್, ಸಿವಿಲ್‌ನವರು ಸಿಮ್ಯುಲೇಶನ್ ಮಾಡುವಾಗ ಇದು ಖಂಡಿತ ಎದುರಾಗುತ್ತದೆ.

ನಾಲ್ಕನೆಯದು ಡೇಟಾ. 75 ಜಿಬಿ ಚಿತ್ರಗಳನ್ನು ಬುತ್ತಿಯಲ್ಲಿ ತುಂಬಬಾರದು. ಅವು ಕ್ಲಸ್ಟರಿನ ಸ್ಕ್ರ್ಯಾಚ್ ಜಾಗದಲ್ಲಿದ್ದು, ಓಡಿಸುವಾಗ ಬೈಂಡ್ ಮಾಡಿದರೆ ಸಾಕು.

ಬುತ್ತಿ ಬ್ಯಾಡ, ಮಾಡೋ ಪದ್ಧತಿ ಒಯ್ಯಿ

ನಮ್ಮ ಸಿಫ್ ಫೈಲ್ 5 ಜಿಬಿ ಆಯಿತು. ಅದನ್ನು ಬೆಂಗಳೂರಿಗೆ ಕಳಿಸಬೇಕು. ಇಲ್ಲಿ ನಮಗೆ ಸಿಗುವ ಅಪ್‌ಲೋಡ್ ವೇಗ ಒಳ್ಳೆಯ ದಿನದಲ್ಲಿ ಸೆಕೆಂಡಿಗೆ 4 ಮೆಗಾಬಿಟ್. 5 ಜಿಬಿ ಅಂದರೆ 40,000 ಮೆಗಾಬಿಟ್. 10,000 ಸೆಕೆಂಡ್, ಹೆಚ್ಚುಕಡಿಮೆ 2 ಗಂಟೆ 47 ನಿಮಿಷ. ಪ್ರತಿ ಸಣ್ಣ ಬದಲಾವಣೆಗೂ ಇಷ್ಟು.

ದಾರಿ ತೋರಿಸಿದವಳು ಯಾದಗಿರಿಯ ಗೆಳತಿ. "5 ಜಿಬಿ ಯಾಕ ಕಳಸ್ತೀರಿ? ಡೆಫಿನಿಶನ್ ಫೈಲ್ ಕಳಿಸಿ ಅಲ್ಲೇ ಕಟ್ಟೋಣ" ಅಂದಳು. ಡೆಫಿನಿಶನ್ ಫೈಲ್ ಅಂದರೆ ಕಂಟೇನರ್ ಮಾಡುವ ಪದ್ಧತಿ: ಯಾವ ಮೂಲ ಇಮೇಜಿನಿಂದ ಶುರು, ಯಾವ ಯಾವ ಪ್ಯಾಕೇಜ್ ಹಾಕಬೇಕು, ಓಡಿಸುವಾಗ ಯಾವ ಕಮಾಂಡ್. ನಮ್ಮದು 34 ಸಾಲು, 2 ಕೆಬಿಗಿಂತ ಕಡಿಮೆ. ಕ್ಲಸ್ಟರಿನಲ್ಲಿ ಫೇಕ್‌ರೂಟ್ ಆಯ್ಕೆಗೆ ಅನುಮತಿ ಇತ್ತು. ಅಂದರೆ ಕಂಟೇನರ್ ಕಟ್ಟುವಾಗ ಒಳಗೆ ಮಾತ್ರ ರೂಟ್‌ನಂತೆ ಕಾಣಿಸಿಕೊಂಡು, ಹೊರಗೆ ಸಾಮಾನ್ಯ ಬಳಕೆದಾರರಾಗಿಯೇ ಇರಬಹುದು. ಅಲ್ಲಿಯ ಇಂಟರ್ನೆಟ್ಟಿನಲ್ಲಿ ಅರ್ಧ ಗಂಟೆಯೊಳಗೆ ಸಿಫ್ ಸಿದ್ಧವಾಯಿತು.

ಇದು ಬರೀ ಇಂಟರ್ನೆಟ್ ಉಳಿಸುವ ಉಪಾಯ ಅಂದುಕೊಂಡಿದ್ದೆವು. ಆಮೇಲೆ ನೋಡಿದರೆ ಇದೇ ಪ್ರಾಜೆಕ್ಟಿನ ಜೀವ. ಸಿಫ್ ಫೈಲ್ ಓಡುತ್ತದೆ, ಆದರೆ ಅದರೊಳಗೆ ಏನಿದೆ, ಯಾಕಿದೆ ಅಂತ ತೆರೆದು ನೋಡದೆ ತಿಳಿಯುವುದಿಲ್ಲ. ಡೆಫಿನಿಶನ್ ಫೈಲನ್ನು ಯಾರಾದರೂ ಓದಬಹುದು, ತಿದ್ದಬಹುದು, ಗಿಟ್‌ನಲ್ಲಿ ಇಡಬಹುದು. ಆದರೆ ಪದ್ಧತಿ ಬರೆಯುವಾಗ ಕೆಲವು ಎಚ್ಚರ ಬೇಕು. ನಮಗೆ ಹೆಚ್ಚು ಉಪಯೋಗಕ್ಕೆ ಬಂದವು ಇವು.

ಮೂಲ ಇಮೇಜಿಗೆ ಲೇಟೆಸ್ಟ್ ಅಂತ ಬರೆಯಬೇಡಿ. ಇವತ್ತಿನ ಲೇಟೆಸ್ಟ್ ಮುಂದಿನ ವರ್ಷ ಬೇರೆಯೇ ಆಗಿರುತ್ತದೆ. ನಿಖರ ವರ್ಶನ್ ಬರೆಯಿರಿ, ಆದರೆ ಶಾ-256 ಗುರುತನ್ನೂ ಸೇರಿಸಿ. ಪೈಥಾನ್ ಪ್ಯಾಕೇಜುಗಳಿಗೂ ಇದೇ ಮಾತು.

ಆಪ್ಟೇನರ್ ತಾನಾಗಿಯೇ ನಿಮ್ಮ ಹೋಮ್ ಫೋಲ್ಡರನ್ನು ಕಂಟೇನರಿನೊಳಗೆ ತೋರಿಸುತ್ತದೆ. ಬಹಳ ಅನುಕೂಲ, ಆದರೆ ಅಪಾಯವೂ ಹೌದು. ನೀವು ಹಿಂದೆ ಯಾವಾಗಲೋ ಹೋಮ್ ಫೋಲ್ಡರಿನಲ್ಲಿ ಹಾಕಿಕೊಂಡ ಪೈಥಾನ್ ಪ್ಯಾಕೇಜ್ ಸದ್ದಿಲ್ಲದೆ ಒಳಗೆ ನುಗ್ಗುತ್ತದೆ. ನಿಮ್ಮ ಅಕೌಂಟಿನಲ್ಲಿ ಓಡುತ್ತದೆ, ಗೆಳೆಯನ ಅಕೌಂಟಿನಲ್ಲಿ ಓಡುವುದಿಲ್ಲ. ಮತ್ತೆ ಅದೇ ಹಳೆಯ ಹಾಡು, ನನ್ನ ಲ್ಯಾಪ್‌ಟಾಪಿನಾಗ ಓಡ್ತಿತ್ತಲ್ಲೋ ಅಂತ. ಹೋಮ್ ಬೇಡ, ಎನ್ವಿರಾನ್‌ಮೆಂಟ್ ಸ್ವಚ್ಛ ಇರಲಿ ಅನ್ನುವ ಆಯ್ಕೆಗಳನ್ನು ಕೊಟ್ಟು ಒಮ್ಮೆ ಓಡಿಸಿ ನೋಡಿದರೆ ನಿಜ ತಿಳಿಯುತ್ತದೆ.

ಆಪ್ಟೇನರಿನ ಕ್ಯಾಶ್ ಹೋಮ್ ಫೋಲ್ಡರಿನಲ್ಲೇ ಬೆಳೆಯುತ್ತದೆ. ಹೋಮ್ ಕೋಟಾ ಸಾಮಾನ್ಯವಾಗಿ ಚಿಕ್ಕದು. ಕ್ಯಾಶ್ ಜಾಗವನ್ನು ಮೊದಲೇ ಸ್ಕ್ರ್ಯಾಚ್‌ಗೆ ಬದಲಿಸಿಕೊಳ್ಳಿ. ಸ್ಕ್ರ್ಯಾಚ್‌ನಲ್ಲಿ ಹಳೆಯ ಫೈಲುಗಳನ್ನು ಕೆಲವು ವಾರಕ್ಕೊಮ್ಮೆ ಅಳಿಸುವ ಪದ್ಧತಿ ಹಲವು ಕಡೆ ಇರುತ್ತದೆ, ಅದನ್ನೂ ಕೇಳಿಕೊಳ್ಳಿ.

ಆ್ಯಪಲ್‌ನ ಹೊಸ ಲ್ಯಾಪ್‌ಟಾಪ್ ಇರುವವರು ಅದರ ಮೇಲೆ ಕಟ್ಟಿದ ಇಮೇಜ್ ಆರ್ಮ್ ಪ್ರೊಸೆಸರಿನದಾಗಿರುತ್ತದೆ. ಹೆಚ್ಚಿನ ಕ್ಲಸ್ಟರುಗಳು ಇಂಟೆಲ್ ಅಥವಾ ಎಎಂಡಿ. ಅಲ್ಲಿ ಅದು ಓಡುವುದಿಲ್ಲ. ಪದ್ಧತಿ ಕಳಿಸಿ ಅಲ್ಲೇ ಕಟ್ಟುವುದಕ್ಕೆ ಇದು ಇನ್ನೊಂದು ಕಾರಣ.

ಇಷ್ಟೆಲ್ಲ ಯಾಕೆ, ಕಾಂಡಾ ಸಾಕಲ್ಲ ಅಂತ ನೀವು ಕೇಳಬಹುದು. ಕೆಲವು ಕೆಲಸಕ್ಕೆ ಸಾಕು. ಆದರೆ ಒಂದು ಕಾಂಡಾ ಎನ್ವಿರಾನ್‌ಮೆಂಟಿನಲ್ಲಿ ಹತ್ತಾರು ಸಾವಿರ ಚಿಕ್ಕ ಫೈಲು ಇರುತ್ತವೆ. ಕ್ಲಸ್ಟರಿನ ಲಸ್ಟರ್‌ನಂಥ ಫೈಲ್ ಸಿಸ್ಟಮ್ ದೊಡ್ಡ ಫೈಲು ಓದುವುದರಲ್ಲಿ ಗಟ್ಟಿ, ಚಿಕ್ಕ ಫೈಲು ಹುಡುಕುವುದರಲ್ಲಿ ಬಡವ. 25 ನೋಡ್‌ಗಳು ಒಟ್ಟಿಗೆ ಪೈಥಾನ್ ಶುರು ಮಾಡಿದರೆ, ಎಲ್ಲವೂ ಒಂದೇ ಮೆಟಾಡೇಟಾ ಸರ್ವರನ್ನು ಸಾವಿರ ಸಲ ಕೇಳುತ್ತವೆ. ಸಂತೆಯ ದಿನ ಒಂದೇ ಅಂಗಡಿ ಮುಂದೆ ಎಲ್ಲರೂ ಚಿಲ್ಲರೆ ಕೇಳಿದಂಗ. ಸಿಫ್ ಆ ಫೈಲ್ ಸಿಸ್ಟಮಿಗೆ ಒಂದೇ ಫೈಲ್. ಒಳಗಿನ ಹುಡುಕಾಟ ಆಯಾ ನೋಡಿನಲ್ಲೇ ಮುಗಿಯುತ್ತದೆ.

ಏನು ಸಿಕ್ಕಿತು, ಏನು ಸಿಗಲಿಲ್ಲ

ಸ್ಲರ್ಮಿಗೆ 75 ಕೆಲಸಗಳ ಒಂದು ಜಾಬ್ ಅರೇ ಕೊಟ್ಟೆವು, ಒಮ್ಮೆಗೆ 25 ಓಡುವಂತೆ. ರಾತ್ರಿ ಸರದಿ ಸಿಕ್ಕಿತು. ಲ್ಯಾಪ್‌ಟಾಪಿನ 56 ಗಂಟೆಯ ಕೆಲಸ ಒಂದೂವರೆ ಗಂಟೆಯಲ್ಲಿ ಮುಗಿಯಿತು. ಈ ವೇಗ ಕ್ಲಸ್ಟರಿನದು, ಕಂಟೇನರಿನದಲ್ಲ. ಕಂಟೇನರ್ ಮಾಡಿದ್ದು ಇಷ್ಟೇ: ಸುರಪುರದಲ್ಲಿ ಒಂದು ಚಿತ್ರದ ಮೇಲೆ ಪರೀಕ್ಷೆ ಮಾಡಿದ ಅದೇ ಪ್ರೋಗ್ರಾಮನ್ನು ಅಲ್ಲಿ 75ರ ಮೇಲೆ ಓಡುವಂತೆ ಮಾಡಿತು. ನಮಗೆ ಬೇಕಿದ್ದದ್ದೂ ಅಷ್ಟೇ.

ನ್ಯೂರಲ್ ನೆಟ್‌ವರ್ಕ್ ಕಲಿಸುವವರಿಗೆ ಒಂದು ಮಾತು. ಕಂಟೇನರ್ ಒಂದೇ ಆದರೂ ಜಿಪಿಯು ಬದಲಾದರೆ ಫಲಿತಾಂಶದ ಕೊನೆಯ ಅಂಕಿಗಳು ಬದಲಾಗಬಹುದು. ಕೂಡಿಸುವ ಕ್ರಮ ಬದಲಾದರೆ ದಶಮಾಂಶದ ಲೆಕ್ಕ ಸ್ವಲ್ಪ ಆಚೀಚೆ ಆಗುತ್ತದೆ. ಸಾಫ್ಟ್‌ವೇರ್ ಒಂದೇ ಅನ್ನುವ ಭರವಸೆ ಕಂಟೇನರ್ ಕೊಡುತ್ತದೆ, ಉತ್ತರ ಒಂದೇ ಅನ್ನುವ ಭರವಸೆ ಅಲ್ಲ.

ನಕಾಶೆ ತೆಗೆದುಕೊಂಡು ಗೆಳೆಯನ ಊರಿಗೆ ಹೋದೆವು. 2019ರಲ್ಲಿ ಒಂದರ ಹಿಂದೆ ಒಂದು ಬಂದ ಎರಡು ಚಿತ್ರದಲ್ಲೂ ಅವರ ಹೊಲ ಕಪ್ಪಾಗಿತ್ತು. ಅಂದರೆ ನೀರು ಕನಿಷ್ಠ 12 ದಿನ ನಿಂತಿರಬೇಕು ಅಂತ ನಮ್ಮ ಲೆಕ್ಕ. ಅವನ ಅಪ್ಪ ಬಹಳ ಹೊತ್ತು ನೋಡಿದರು. ಗದ್ದೆಗಳನ್ನು ಬೇರೆ ಬಣ್ಣದಲ್ಲಿ ತೋರಿಸಿದ್ದು ಅವರಿಗೆ ಹಿಡಿಸಿತು. ಆಮೇಲೆ ಹೇಳಿದರು: "ನಡುವ ಒಮ್ಮೆ ಇಳದಿತ್ತು ತಮ್ಮಾ. ಎರಡ್ನೇ ಸಲ ಬಂದಿದ್ದು ಬ್ಯಾರೆ ನೀರು."

12 ದಿನಕ್ಕೊಮ್ಮೆ ಬರುವ ಉಪಗ್ರಹಕ್ಕೆ ನಡುವಿನ ದಿನಗಳು ಕಾಣುವುದಿಲ್ಲ. ಅಣೆಕಟ್ಟಿನಿಂದ ಯಾವ ದಿನ ಎಷ್ಟು ನೀರು ಬಿಟ್ಟರು ಎಂಬ ಲೆಕ್ಕವನ್ನೂ ಸೇರಿಸಿದರೆ ಕಾಣಬಹುದು. ಆದರೆ ಅಷ್ಟೊತ್ತಿಗೆ ನಮ್ಮ ವೈವಾ ದಿನ ಬಂದಿತ್ತು, ಕ್ಲಸ್ಟರಿನ ಅಕೌಂಟೂ ಮುಗಿಯುವುದರಲ್ಲಿತ್ತು. ಮೊದಲಾಗಿದ್ದರೆ ಪ್ರಾಜೆಕ್ಟ್ ಅಲ್ಲಿಗೆ ತೀರಿಕೊಳ್ಳುತ್ತಿತ್ತು, ಆ ಕಾಕಾ ಹೇಳಿದ ಮಾತು ನಮ್ಮ ಮೂವರ ತಲೆಯಲ್ಲಿ ಉಳಿದು ನೌಕರಿಯ ಗದ್ದಲದಲ್ಲಿ ಮರೆತುಹೋಗುತ್ತಿತ್ತು.

ಈ ಸಲ ಹಂಗಾಗಲಿಲ್ಲ. 34 ಸಾಲಿನ ಆ ಫೈಲು, ಕೋಡು, ಚಿತ್ರಗಳ ಪಟ್ಟಿ, ಜೊತೆಗೆ ಕನ್ನಡದಲ್ಲೇ ಬರೆದ ಎರಡು ಪುಟದ ಸೂಚನೆ, ಎಲ್ಲ ಡಿಪಾರ್ಟ್‌ಮೆಂಟಿನ ಗಿಟ್ ಖಾತೆಯಲ್ಲಿ ಇಟ್ಟೆವು. ಜೂನಿಯರ್ಸ್ ಇಬ್ಬರು ನಮ್ಮನ್ನು ಏನೂ ಕೇಳದೆ ಲ್ಯಾಬಿನ ಕಂಪ್ಯೂಟರಿನ ಮೇಲೆ ಆಪ್ಟೇನರ್ ಹಾಕಿಕೊಂಡು, ಒಂದು ಸಂಜೆಯೊಳಗೆ ಅದೇ ನಕಾಶೆ ತೆಗೆದರು. ಇನ್‌ಸ್ಟಾಲ್ ಮಾಡುವುದರಲ್ಲಿ ಹೋಗುತ್ತಿದ್ದ ಎರಡು ತಿಂಗಳು ಅವರಿಗೆ ಉಳಿಯಿತು. ಈಗ ಅವರು ನೀರು ಬಿಟ್ಟ ದಿನಗಳ ಲೆಕ್ಕ ಕೂಡಿಸುತ್ತಿದ್ದಾರೆ.

ಕ್ಲಸ್ಟರ್ ಸಿಗಲಿ, ಆಮೇಲೆ ಕಲಿಯೋಣ ಅಂತ ಕಾಯಬೇಡಿ. ಆಪ್ಟೇನರ್ ಪುಕ್ಕಟೆ ಸಿಗುತ್ತದೆ, ಸಾಮಾನ್ಯ ಲಿನಕ್ಸ್ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ನಿಮ್ಮ ಈಗಿನ ಮಿನಿ ಪ್ರಾಜೆಕ್ಟಿಗೇ ಒಂದು ಡೆಫಿನಿಶನ್ ಫೈಲ್ ಬರೆದು, ಪಕ್ಕದ ರೂಮಿನವರ ಲ್ಯಾಪ್‌ಟಾಪಿನ ಮೇಲೆ ಓಡಿಸಿ ನೋಡಿ. ಅಲ್ಲಿ ಓಡಿದರೆ ಬೆಂಗಳೂರಿನಲ್ಲೂ ಓಡುವ ಸಾಧ್ಯತೆ ಹೆಚ್ಚು. ನಮ್ಮ ಫೈಲೂ ಅಲ್ಲೇ ಇದೆ, ಸೆಕೆಂಡ್ ಇಯರ್‌ನವರೂ ತೆಗೆದುಕೊಳ್ಳಬಹುದು. ಮಳೆಗಾಲಕ್ಕೆ ಇನ್ನೂ ಟೈಮ್ ಅದ. ಕೃಷ್ಣೆಗೆ ನೀರು ಬರೋದ್ರೊಳಗ ಒಮ್ಮೆ ಓಡಿಸಿ ನೋಡ್ರಿ.